ಲೂವ್ರ್ ಮುಂದೆ ಮೂರು ಸಾಲು, ಟಿಕೆಟ್ ತಪ್ಪಿಸುವುದು ಒಂದನ್ನೇ

ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಇರುವುದು ಒಂದು ಸಾಲಲ್ಲ, ಮೂರು. ಟಿಕೆಟ್ ಕೊಳ್ಳುವವರದು ಮೊದಲನೆಯದು, ಬ್ಯಾಗ್ ತಪಾಸಣೆಯದು ಎರಡನೆಯದು. ಒಳಗೆ ಹೋದ ಮೇಲೆ ಮೊನಾಲಿಸಾ ಎದುರು ಸುತ್ತಿ ಸುತ್ತಿ ನಿಂತಿರುವುದು ಮೂರನೆಯದು. ಆನ್‌ಲೈನ್ ಟಿಕೆಟ್ ತಪ್ಪಿಸುವುದು ಮೊದಲನೆಯದನ್ನು ಮಾತ್ರ. ತಿರುಪತಿಯ 300 ರೂಪಾಯಿ ಟಿಕೆಟ್ ಮಾಡಿಸಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಟಿಕೆಟ್ಟಿನಿಂದ ಕಾಯುವ ಹೊತ್ತು ಕಡಿಮೆಯಾಗುತ್ತದೆ, ಸಾಲಿನಲ್ಲಿ ನಿಲ್ಲುವುದು ತಪ್ಪುವುದಿಲ್ಲ. ಲೂವ್ರ್‌ನಲ್ಲೂ ಅಷ್ಟೇ. ಎರಡನೆಯ ಸಾಲನ್ನು ಮೊಟಕು ಮಾಡುವುದು ನೀವು ಆರಿಸುವ ಹೊತ್ತು ಮತ್ತು ಹೆಗಲಿಗೆ ಹಾಕಿಕೊಳ್ಳುವ ಬ್ಯಾಗು. ಮೂರನೆಯದನ್ನು ಮೊಟಕು ಮಾಡುವುದು ಒಳಗೆ ನೀವು ಹಿಡಿಯುವ ದಾರಿ. ಈ ಮೂರರಲ್ಲಿ ಮುಕ್ಕಾಲು ಪಾಲು ಕೆಲಸವನ್ನು ಬೆಂಗಳೂರಿನ ಮನೆಯಲ್ಲಿ ಕೂತೇ ಮುಗಿಸಬಹುದು. ಪ್ಯಾರಿಸ್‌ಗೆ ಹೋಗಿ ಮಾಡಹೊರಟರೆ ಕೆಲವು ಆಗುವುದೇ ಇಲ್ಲ.

2024ರಲ್ಲಿ ಲೂವ್ರ್‌ಗೆ ಬಂದವರು ಸುಮಾರು 87 ಲಕ್ಷ ಜನ. ದಿನಕ್ಕೆ 30,000 ಜನರಿಗಿಂತ ಹೆಚ್ಚು ಬಿಡಬಾರದೆಂದು ಮ್ಯೂಸಿಯಂ ಮಿತಿ ಹಾಕಿಕೊಂಡಿದೆ. ಹಾಗಾಗಿ ಸ್ಲಾಟ್, ಅಂದರೆ ಟಿಕೆಟ್ಟಿನಲ್ಲಿ ಗೊತ್ತುಮಾಡಿದ ಪ್ರವೇಶದ ಹೊತ್ತು, ಎನ್ನುವುದು ಬರೀ ಅನುಕೂಲವಲ್ಲ. ಜನ ಹೆಚ್ಚಿರುವ ದಿನ ಮುಂಗಡ ಟಿಕೆಟ್ ಇಲ್ಲದೆ ಹೋದರೆ ಎಷ್ಟು ಹೊತ್ತು ನಿಂತರೂ ಒಳಗೆ ಬಿಡುತ್ತಾರೆಂಬ ಖಾತ್ರಿಯಿಲ್ಲ.

ಮೊದಲು ದಿನ ಆರಿಸುವ ವಿಷಯ. ಬೆಂಗಳೂರಿನವರು ಬೀಳುವ ಮೊದಲ ಗುಂಡಿಯೇ ಇದು. ನಮ್ಮಲ್ಲಿ ಮ್ಯೂಸಿಯಂಗೆ ರಜೆ ಎಂದರೆ ಸೋಮವಾರ. ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೂ ಸೋಮವಾರ ರಜೆ, ಕಸ್ತೂರ್ಬಾ ರಸ್ತೆಯ ಮ್ಯಾಪ್ ಕಲಾ ಮ್ಯೂಸಿಯಂಗೂ ಸೋಮವಾರವೇ. ಆ ಅಭ್ಯಾಸದಲ್ಲಿ ಸೋಮವಾರ ಬಿಟ್ಟು ಮಂಗಳವಾರಕ್ಕೆ ಲೂವ್ರ್ ಹಾಕಿಕೊಳ್ಳುತ್ತಾರೆ. ಲೂವ್ರ್‌ಗೆ ವಾರದ ರಜೆ ಮಂಗಳವಾರ. ಜನವರಿ 1, ಮೇ 1, ಡಿಸೆಂಬರ್ 25 ಕೂಡ ಬಾಗಿಲು ಹಾಕಿರುತ್ತದೆ. ಮಕ್ಕಳ ಬೇಸಿಗೆ ರಜೆ ಹಿಡಿದು ಹೊರಡುವವರು ಮೇ 1ನ್ನು ಮರೆಯಬಾರದು. ಆದರೆ ಸೀನ್ ನದಿಯ ಆಚೆ ದಡದ ಓರ್ಸೆ ಮ್ಯೂಸಿಯಂಗೆ ಸೋಮವಾರ ರಜೆ. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ: ಸೋಮವಾರ ಓರ್ಸೆ ಮುಚ್ಚಿರುವುದರಿಂದ ಜನ ಲೂವ್ರ್ ಕಡೆ ತಿರುಗುತ್ತಾರೆ, ಮಂಗಳವಾರ ಮುಚ್ಚಿದ್ದ ಲೂವ್ರ್‌ನ ಜನವೆಲ್ಲ ಬುಧವಾರ ಬೆಳಿಗ್ಗೆ ಬಂದು ಸೇರುತ್ತಾರೆ. ಶನಿವಾರ ಭಾನುವಾರದ ಮಾತು ಹೇಳಬೇಕಾದ್ದೇ ಇಲ್ಲ. ಆರಿಸುವ ಅವಕಾಶ ಇದ್ದರೆ ಗುರುವಾರ ಬೆಳಿಗ್ಗೆ, ಇಲ್ಲವೆ ಬುಧವಾರ ಅಥವಾ ಶುಕ್ರವಾರದ ಸಂಜೆ.

ಸಂಜೆ ಯಾಕೆಂದರೆ ಉಳಿದ ದಿನ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ತೆರೆದಿರುವ ಲೂವ್ರ್ ಬುಧವಾರ, ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುತ್ತದೆ. ಪ್ರವಾಸಿ ಗುಂಪುಗಳು ಸಂಜೆಯ ಹೊತ್ತಿಗೆ ಬಸ್ಸು ಹತ್ತಿ ಹೊರಟುಬಿಡುತ್ತವೆ. ಕೋಣೆಗಳು ತೆರವಾಗುವುದು ಬರಿಗಣ್ಣಿಗೇ ಕಾಣುತ್ತದೆ. ಆದರೆ ನಮ್ಮವರ ಮಟ್ಟಿಗೆ ಇಲ್ಲಿ ಒಂದು ತೊಡಕಿದೆ, ಗಡಿಯಾರದ್ದು. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಪ್ಯಾರಿಸ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಉಳಿದ ತಿಂಗಳುಗಳಲ್ಲಿ ನಾಲ್ಕೂವರೆ ಗಂಟೆ. ಇಳಿದ ಮರುದಿನ ಪ್ಯಾರಿಸ್ಸಿನ ಸಂಜೆ 6 ಎಂದರೆ ಬೇಸಿಗೆಯಲ್ಲೂ ನಿಮ್ಮ ಮೈಗೆ ರಾತ್ರಿ ಒಂಬತ್ತೂವರೆ. ಮ್ಯೂಸಿಯಂ ಮುಚ್ಚುವ ಹೊತ್ತಿಗೆ ಮಧ್ಯರಾತ್ರಿ ದಾಟಿರುತ್ತದೆ. ಅಜ್ಜ ಅಜ್ಜಿ, ಮಕ್ಕಳು ಜೊತೆಗಿದ್ದರೆ ಇದು ಆಗದ ಮಾತು. ಅದೇ ಬೆಳಿಗ್ಗೆ 9ರ ಸ್ಲಾಟ್ ಮೈಗೆ ಮಧ್ಯಾಹ್ನ ಹನ್ನೆರಡೂವರೆ. ಬೆಂಗಳೂರಿನವರು ಮೊದಲ ಎರಡು ದಿನ ಹೇಗಿದ್ದರೂ ನಾಲ್ಕು ಗಂಟೆಗೆ ಎದ್ದು ಹೋಟೆಲ್ ಕಿಟಕಿಯಿಂದ ಕತ್ತಲೆ ನೋಡುತ್ತ ಕೂತಿರುತ್ತಾರೆ. ಹಾಗಾಗಿ ಪ್ರವಾಸದ ಮೊದಲ ಎರಡು ದಿನಗಳಲ್ಲಿ ಲೂವ್ರ್ ಇದ್ದರೆ 9ರ ಸ್ಲಾಟ್, ಮೂರನೆಯ ದಿನದ ಮೇಲಿದ್ದರೆ ಸಂಜೆಯದು. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗಿನ ಸ್ಲಾಟನ್ನು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ತೆಗೆದುಕೊಳ್ಳಿ.

ಪ್ರವಾಸದ ಕಟ್ಟಕಡೆಯ ದಿನಕ್ಕೆ ಲೂವ್ರ್ ಇಟ್ಟುಕೊಳ್ಳಬೇಡಿ. 2025ರ ಜೂನ್ 16ರಂದು ಸಿಬ್ಬಂದಿ ಜನಜಂಗುಳಿಯ ಒತ್ತಡಕ್ಕೆ ಬೇಸತ್ತು ಏಕಾಏಕಿ ಕೆಲಸ ನಿಲ್ಲಿಸಿದರು. ಟಿಕೆಟ್ ಹಿಡಿದವರು ಗಂಟೆಗಟ್ಟಲೆ ಬಾಗಿಲಾದ ಗಾಜಿನ ಪಿರಮಿಡ್ಡಿನ ಹೊರಗೆ ನಿಂತರು. ಅದೇ ವರ್ಷ ಅಕ್ಟೋಬರ್ 19ರ ಭಾನುವಾರ ಬೆಳಿಗ್ಗೆ ಅಪೊಲೊ ಗ್ಯಾಲರಿಯಿಂದ ರಾಜಮನೆತನದ ಆಭರಣಗಳ ಕಳವಾಯಿತು. ಆವತ್ತು ಮುಚ್ಚಿದ ಬಾಗಿಲು ಮತ್ತೆ ತೆರೆದದ್ದು ಬುಧವಾರ. ಮ್ಯೂಸಿಯಮ್ಮೇ ಮುಚ್ಚಿದರೆ ಹಣ ವಾಪಸ್ ಬರುತ್ತದೆ, ನಿಜ. ಆದರೆ ಹಣ ಬಂದು ಏನು ಪ್ರಯೋಜನ, ನಿಮಗೆ ಬೇಕಾದದ್ದು ಇನ್ನೊಂದು ದಿನ. ಅದಕ್ಕೆ ಪ್ಯಾರಿಸ್ಸಿನಲ್ಲಿ ಲೂವ್ರ್ ಆದ ಮೇಲೂ ಎರಡು ದಿನ ಕೈಯಲ್ಲಿರಲಿ.

ಇನ್ನು ಯಾವಾಗ ಕೊಳ್ಳಬೇಕು ಎನ್ನುವುದು. ಒಮ್ಮೆ ಕೊಂಡ ಟಿಕೆಟ್ಟನ್ನು ಬದಲಾಯಿಸುವುದಿಲ್ಲ, ನೀವು ಹೋಗದಿದ್ದರೆ ಹಣ ಹಿಂದಿರುಗಿಸುವುದೂ ಇಲ್ಲ. ಹಾಗಾಗಿ ವೀಸಾ ಕೈಗೆ ಬರುವ ಮುನ್ನ ಕೊಳ್ಳುವುದೋ, ಬಂದ ಮೇಲೋ ಎಂಬ ಪ್ರಶ್ನೆ ಎಲ್ಲ ಮನೆಯಲ್ಲೂ ಏಳುತ್ತದೆ. ಫ್ರಾನ್ಸ್ ಸೇರಿ ಯುರೋಪಿನ ಬಹುತೇಕ ದೇಶಗಳಿಗೆ ಸಲ್ಲುವ ಶೆಂಗೆನ್ ವೀಸಾಗೆ ಪ್ರಯಾಣದ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಅರ್ಜಿ ತಲುಪಿದ ಮೇಲೆ ಸಾಮಾನ್ಯವಾಗಿ 15 ದಿನದೊಳಗೆ ತೀರ್ಮಾನವಾಗಬೇಕು. ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಬೇಸಿಗೆಗೆ ಮುಂಚಿನ ತಿಂಗಳುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ತಡ, ಆದ್ದರಿಂದ 15 ದಿನದ ಲೆಕ್ಕ ಶುರುವಾಗುವುದೂ ತಡ. ವೀಸಾ ಅರ್ಜಿಗೆ ಮ್ಯೂಸಿಯಂ ಟಿಕೆಟ್ ಬೇಡ. ಯಾವ ದಿನ ಎಲ್ಲಿ ಎಂಬ ಪಟ್ಟಿ, ಉಳಿಯುವ ಜಾಗದ ಕಾಗದ, ವಿಮಾನದ ಬುಕಿಂಗ್, ವಿಮೆ, ಬ್ಯಾಂಕ್ ದಾಖಲೆಗಳನ್ನು ಕೇಳುತ್ತಾರೆಯೇ ಹೊರತು ಲೂವ್ರ್ ಟಿಕೆಟ್ಟನ್ನಲ್ಲ. ಆದ್ದರಿಂದ ಮೊದಲ ಸಲ ಅರ್ಜಿ ಹಾಕುತ್ತಿರುವವರು ಪಾಸ್‌ಪೋರ್ಟ್ ಮನೆಗೆ ಬಂದ ದಿನ ಸಂಜೆ ಕೂತು ಕೊಳ್ಳಲಿ. ಹಿಂದೆ ಶೆಂಗೆನ್ ವೀಸಾ ಸಿಕ್ಕಿದ್ದವರು, ಜೂನ್ ಜುಲೈನಲ್ಲಿ ಹೊರಡುವವರು, ಬೆಳಗಿನ ಸ್ಲಾಟೇ ಬೇಕೆನ್ನುವವರು ಮುಂಚೆಯೇ ಕೊಂಡರೆ ನಷ್ಟದ ಸಂಭವ ಕಡಿಮೆ. ಮೊದಲು ಖಾಲಿಯಾಗುವುದು 9ರ ಸ್ಲಾಟುಗಳು.

ಬೆಲೆ ಈಗ ನಮಗೆ ಬೇರೆ. 2024ರ ಜನವರಿಯಿಂದ ಎಲ್ಲರಿಗೂ 22 ಯೂರೊ ಇತ್ತು. 2026ರ ಜನವರಿ 14ರಿಂದ ಯುರೋಪಿನ ಆರ್ಥಿಕ ವಲಯದ ಹೊರಗಿನವರಿಗೆ 32 ಯೂರೊ ಆಗಿದೆ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದಲ್ಲಿ ನಮಗೆ 40 ರೂಪಾಯಿ, ಹೊರದೇಶದವರಿಗೆ 600 ರೂಪಾಯಿ ಎಂದು ಬೋರ್ಡ್ ಹಾಕಿರುವ ನಾವು ಇದನ್ನು ಅನ್ಯಾಯ ಎನ್ನುವಂತಿಲ್ಲ. ಹಳೆಯ ಲೇಖನಗಳಲ್ಲಿ 17 ಯೂರೊ, 22 ಯೂರೊ ಎಂದು ಓದಿ ಬಜೆಟ್ ಮಾಡಿದವರು ತಿದ್ದಿಕೊಳ್ಳಬೇಕು, ಅಷ್ಟೆ. 22 ಯೂರೊ ಟಿಕೆಟ್ ಇನ್ನೂ ಪಟ್ಟಿಯಲ್ಲಿ ಕಾಣಿಸುತ್ತದೆ, ಕಡಿಮೆ ಎಂದು ಅದನ್ನು ಒತ್ತಬೇಡಿ. ಅದು ಯುರೋಪಿನವರಿಗೆ ಮೀಸಲು, ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದರೆ ನಿಮ್ಮ ಸ್ಲಾಟೂ ಹೋಯಿತು, ಹಣವೂ ಹೋಯಿತು. 18 ವರ್ಷದೊಳಗಿನ ಮಕ್ಕಳಿಗೆ ಯಾವ ದೇಶದವರಾದರೂ ಉಚಿತ. ಆದರೆ ಉಚಿತ ಎಂದರೆ ಟಿಕೆಟ್ ಬೇಡ ಎಂದಲ್ಲ. ಸೊನ್ನೆ ಯೂರೊ ಟಿಕೆಟ್ಟನ್ನು ದೊಡ್ಡವರ ಜೊತೆ ಅದೇ ಆರ್ಡರಿನಲ್ಲಿ, ಅದೇ ಸ್ಲಾಟಿಗೆ ಸೇರಿಸಿಕೊಳ್ಳಬೇಕು. ಇದನ್ನು ಬಿಟ್ಟು ಬಂದು ಬಾಗಿಲಲ್ಲಿ ಒದ್ದಾಡುವ ಕುಟುಂಬಗಳು ಬಹಳ. ಮಗುವಿನ ವಯಸ್ಸಿಗೆ ಪುರಾವೆಯಾಗಿ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ಆಧಾರ್ ಅಲ್ಲಿ ಯಾರಿಗೂ ಗುರುತಿಲ್ಲ.

ವೆಬ್‌ಸೈಟ್ ವಿಷಯದಲ್ಲಿ ಒಂದೇ ನಿಯಮ: ವಿಳಾಸ ಲೂವ್ರ್ ಡಾಟ್ ಎಫ್‌ಆರ್ ಎಂದು ಮುಗಿಯಬೇಕು. ಹುಡುಕಿದಾಗ ಮೇಲೆ ಮೇಲೆ ಬರುವ ನಾಲ್ಕೈದು ಜಾಹೀರಾತುಗಳಲ್ಲಿ ಲೂವ್ರ್ ಹೆಸರೂ ಇರುತ್ತದೆ, ಪಿರಮಿಡ್ಡಿನ ಚಿತ್ರವೂ ಇರುತ್ತದೆ, ಟಿಕೆಟ್ ಎಂಬ ಪದವೂ ಇರುತ್ತದೆ. ಅವು ಮರುಮಾರಾಟಗಾರರವು. ಎಲ್ಲವೂ ಮೋಸವಲ್ಲ. ಕೆಲವರು ಅದೇ ಟಿಕೆಟ್ಟಿಗೆ ಆಡಿಯೊ ಗೈಡ್ ಆ್ಯಪ್ ಒಂದನ್ನು ಅಂಟಿಸಿ ಬೆಲೆ ಏರಿಸಿರುತ್ತಾರೆ. "ಸಾಲು ತಪ್ಪಿಸಿ" ಎಂದು ಅವರು ಮಾರುವುದು ಮೊದಲ ಸಾಲನ್ನು ತಪ್ಪಿಸುವ ಮಾಮೂಲಿ ಸ್ಲಾಟ್ ಟಿಕೆಟ್ಟನ್ನೇ. ತಪಾಸಣೆಯ ಸಾಲನ್ನು ಹಣ ಕೊಟ್ಟು ತಪ್ಪಿಸುವ ಟಿಕೆಟ್ ಇಲ್ಲ. ಅಧಿಕೃತ ಸೈಟಿನಲ್ಲಿ ನಿಮ್ಮ ದಿನ ಪೂರ್ತಿ ಖಾಲಿಯಾಗಿದ್ದರೆ ಮಾತ್ರ ಗೈಡ್ ಇರುವ ಟೂರ್ ಕಡೆ ನೋಡಿ. ಅವರಿಗೆ ಬೇರೆ ಕೋಟಾ ಇರುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ.

ಫಾರಂ ತುಂಬುವಾಗ ನಮ್ಮ ಹೆಸರುಗಳು ತೊಂದರೆ ಕೊಡುತ್ತವೆ. ಅಲ್ಲಿ ಎರಡು ಖಾನೆ, ಮೊದಲ ಹೆಸರು ಮತ್ತು ಕೊನೆಯ ಹೆಸರು. ನಮ್ಮಲ್ಲಿ ಊರಿನ ಹೆಸರು ಒಂದು ಇನಿಶಿಯಲ್, ಅಪ್ಪನ ಹೆಸರು ಇನ್ನೊಂದು ಇನಿಶಿಯಲ್, ಆಮೇಲೆ ಒಂದೇ ಒಂದು ಹೆಸರು. ಹಿರಿಯರ ಪಾಸ್‌ಪೋರ್ಟುಗಳಲ್ಲಿ ಎಷ್ಟೋ ಸಲ ಸರ್‌ನೇಮ್ ಖಾನೆ ಖಾಲಿ ಇರುತ್ತದೆ. ಒಂದಕ್ಷರದ ಇನಿಶಿಯಲ್ ಹಾಕಿದರೆ ಕೆಲವು ಸೈಟುಗಳು ಒಪ್ಪುವುದಿಲ್ಲ, ಚುಕ್ಕಿ ಇಟ್ಟರೆ ಕೆಂಪು ಗೆರೆ ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿರುವಂತೆಯೇ ಬರೆಯಿರಿ, ಸರ್‌ನೇಮ್ ಇಲ್ಲದವರು ಅದೇ ಹೆಸರನ್ನು ಎರಡೂ ಖಾನೆಯಲ್ಲಿ ಹಾಕಿ. ಲೂವ್ರ್ ಬಾಗಿಲಲ್ಲಿ ಮುಖ್ಯವಾಗಿ ನೋಡುವುದು ಕ್ಯೂಆರ್ ಕೋಡನ್ನು, ಆದರೆ ಹೆಸರು ನೋಡಿಯೇ ಬಿಡುವ ಜಾಗಗಳೂ ಇವೆ. ಮಿಲಾನಿನಲ್ಲಿ ಲಿಯೊನಾರ್ಡೊನ ಕೊನೆಯ ಭೋಜನದ ಚಿತ್ರಕ್ಕೆ ಟಿಕೆಟ್ ಹೆಸರಿಗೆ ಕಟ್ಟಿರುತ್ತದೆ, ಪಾಸ್‌ಪೋರ್ಟಿಗೆ ತಾಳೆಯಾಗಬೇಕು. ಎಲ್ಲ ಕಡೆ ಒಂದೇ ಥರ ಬರೆಯುವ ಅಭ್ಯಾಸ ಇಟ್ಟುಕೊಂಡರೆ ತಲೆನೋವಿಲ್ಲ.

ಹೆಚ್ಚು ಜನ ಸಿಕ್ಕಿಬೀಳುವುದು ಹಣ ಕಟ್ಟುವ ಘಟ್ಟದಲ್ಲಿ. ಯುಪಿಐಗೆ ಒಗ್ಗಿಹೋಗಿರುವ ಕೈಗೆ ಕಾರ್ಡು ಹುಡುಕುವುದೇ ಒಂದು ಕೆಲಸ. ಅದೂ ಅಂತರರಾಷ್ಟ್ರೀಯ ಕಾರ್ಡ್ ಆಗಿರಬೇಕು, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇದ್ದರೆ ನೆಮ್ಮದಿ. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದ ಪ್ರಕಾರ ಹೊಸದಾಗಿ ಕೊಟ್ಟ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮೊದಲಿಂದಲೇ ಬಂದ್ ಆಗಿರುತ್ತದೆ, ನಾವಾಗಿ ತೆರೆಯಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಸೆಟ್ಟಿಂಗ್‌ಗೆ ಹೋಗಿ ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರವನ್ನು ಆನ್ ಮಾಡಿ, ಮಿತಿಯನ್ನು ಬೇಕಾದ ಮೊತ್ತಕ್ಕಿಂತ ಸ್ವಲ್ಪ ಮೇಲೆ ಇಡಿ. ಬರೀ ವಿದೇಶದ ಅಂಗಡಿಯಲ್ಲಿ ಉಜ್ಜುವ ಸ್ವಿಚ್ ಬೇರೆ, ಆನ್‌ಲೈನ್ ಸ್ವಿಚ್ ಬೇರೆ. ಒಂದನ್ನು ಮಾತ್ರ ಆನ್ ಮಾಡಿ "ಕಾರ್ಡು ತಗೊಳ್ತಾನೇ ಇಲ್ಲ" ಎನ್ನುವವರು ಎರಡನೆಯದನ್ನು ನೋಡಿರುವುದಿಲ್ಲ. ಕೆಲಸ ಮುಗಿದ ಮೇಲೆ ಮತ್ತೆ ಬಂದ್ ಮಾಡಿ.

ಲೆಕ್ಕ ಹೀಗೆ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು: 64 ಯೂರೊ. ಯೂರೊವನ್ನು ನೂರು ರೂಪಾಯಿ ಎಂದು ಹಿಡಿದರೆ 6,400 ರೂಪಾಯಿ. ಕಾರ್ಡಿನ ಫಾರೆಕ್ಸ್ ಮಾರ್ಕಪ್, ಅಂದರೆ ವಿದೇಶಿ ಹಣದ ವ್ಯವಹಾರಕ್ಕೆ ಬ್ಯಾಂಕ್ ಹಾಕುವ ಶುಲ್ಕ, ಶೇ 3.5 ಇದ್ದರೆ 224 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಸುಮಾರು 40 ರೂಪಾಯಿ. ಸ್ಟೇಟ್‌ಮೆಂಟಿನಲ್ಲಿ ಟಿಕೆಟ್ ಬೆಲೆಗಿಂತ 260 ರೂಪಾಯಿಗೂ ಹೆಚ್ಚು ಕಂಡರೆ ಅದು ಲೂವ್ರ್‌ನದಲ್ಲ, ನಿಮ್ಮ ಬ್ಯಾಂಕಿನದು. ಹಣ ಕಟ್ಟುವ ಪುಟದಲ್ಲಿ ರೂಪಾಯಿಯಲ್ಲಿ ಕಟ್ಟುತ್ತೀರಾ ಎಂಬ ಆಯ್ಕೆ ಎಲ್ಲಾದರೂ ಬಂದರೆ ಬೇಡ ಎನ್ನಿ. ಆ ಪರಿವರ್ತನೆಯ ದರ ಸಾಮಾನ್ಯವಾಗಿ ಇನ್ನೂ ದುಬಾರಿ.

ಒಟಿಪಿ ಬರುವುದು ಬ್ಯಾಂಕಿಗೆ ಕೊಟ್ಟಿರುವ ನಂಬರಿಗೆ. ಪ್ಯಾರಿಸ್ ತಲುಪಿ ಅಲ್ಲಿನ ಸಿಮ್ ಹಾಕಿಕೊಂಡು ಬೆಂಗಳೂರಿನ ಸಿಮ್ಮನ್ನು ಪರ್ಸಿನಲ್ಲಿಟ್ಟ ಮೇಲೆ ಟಿಕೆಟ್ ಕೊಳ್ಳಹೊರಟರೆ ಒಟಿಪಿ ಬರುವುದೆಲ್ಲಿಂದ? ಇಲ್ಲಿಂದಲೇ ಕೊಳ್ಳಿ ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ಸ್ಲಾಟ್ ಆರಿಸಿದ ಮೇಲೆ ಕಾರ್ಟ್ ನಿಮಗಾಗಿ ಕೆಲವೇ ನಿಮಿಷ ಕಾಯುತ್ತದೆ. ಎಲ್ಲರ ಹೆಸರು, ಹುಟ್ಟಿದ ದಿನ, ಇ-ಮೇಲ್, ಕಾರ್ಡು, ಚಾರ್ಜ್ ಇರುವ ಫೋನು ಮುಂದಿಟ್ಟುಕೊಂಡು ಕೂತರೆ ಒಂದೇ ಸಲಕ್ಕೆ ಮುಗಿಯುತ್ತದೆ. ಒಟಿಪಿ ಹಾಕಿದ ಮೇಲೆ ಪುಟ ತಿರುಗುತ್ತಲೇ ಇದ್ದು ನಿಂತುಹೋದರೆ ಕೂಡಲೆ ಮತ್ತೊಮ್ಮೆ ಕಟ್ಟಬೇಡಿ. ಬ್ಯಾಂಕಿನ ಮೆಸೇಜ್ ನೋಡಿ, ಇ-ಮೇಲ್ ನೋಡಿ, ಸ್ಪ್ಯಾಮ್ ನೋಡಿ. ಹಣ ಹೋಗಿದ್ದು ಟಿಕೆಟ್ ಬರುವುದು ತಡವಾಗಿರಬಹುದು. ಅವಸರಪಟ್ಟು ಎರಡನೇ ಸಲ ಕಟ್ಟಿದರೆ ವಾಪಸ್ ಬಾರದ ಎರಡು ಸೆಟ್ ಟಿಕೆಟ್ ಕೈಯಲ್ಲಿ ಉಳಿಯುತ್ತದೆ.

ಟಿಕೆಟ್ ಬಂದ ಮೇಲೆ ಪಿಡಿಎಫ್ ಇಳಿಸಿಕೊಂಡು ಇಬ್ಬರ ಫೋನಿನಲ್ಲಿಡಿ. ಇ-ಮೇಲ್‌ನಲ್ಲಿದೆ ಎಂದು ಬಿಡಬೇಡಿ, ಅಂಗಳದಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಅಷ್ಟು ಜನರ ಮುಂದೆ ನಿಂತು ಲಾಗಿನ್ ಮಾಡುವುದು ಕಷ್ಟ. ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರಿಂಟ್ ತೆಗೆಸಿಕೊಳ್ಳಿ. ಕ್ಯೂಆರ್ ಕೋಡನ್ನು ಅಡ್ಡಗೆರೆ ಬರುವಂತೆ ಮಡಿಸಬೇಡಿ. ಮಕ್ಕಳ ಸೊನ್ನೆ ಯೂರೊ ಟಿಕೆಟ್ಟಿಗೂ ಪ್ರತ್ಯೇಕ ಕೋಡ್ ಇದೆಯೇ ನೋಡಿಕೊಳ್ಳಿ.

ಸಣ್ಣದಾಗಿ ಕಂಡರೂ ಸ್ಲಾಟನ್ನೇ ನುಂಗುವ ತಪ್ಪು ಇನ್ನೊಂದಿದೆ. ಬೆಂಗಳೂರಲ್ಲಿ ಕೂತು ಫೋನಿನ ಕ್ಯಾಲೆಂಡರಿನಲ್ಲಿ "ಲೂವ್ರ್, 9:00" ಎಂದು ಬರೆದಿಟ್ಟರೆ ಫೋನು ಅದನ್ನು ಭಾರತದ 9 ಗಂಟೆ ಎಂದು ತಿಳಿಯುತ್ತದೆ. ಪ್ಯಾರಿಸ್ಸಿನಲ್ಲಿ ಇಳಿದ ಕೂಡಲೆ ಬೇಸಿಗೆಯಲ್ಲಿ ಅದು 5:30 ಎಂದು ತೋರಿಸುತ್ತದೆ. ಬೆಳಗಿನ ಐದೂವರೆ ಎಂದರೆ ಯಾರಾದರೂ ಅನುಮಾನಪಡುತ್ತಾರೆ, ಆದರೆ ಸಂಜೆ 6ರ ಸ್ಲಾಟ್ ಮಧ್ಯಾಹ್ನ 2:30 ಎಂದು ಕಂಡರೆ ಅನುಮಾನ ಬರುವುದಿಲ್ಲ. ಟಿಕೆಟ್ಟಿನ ಮೇಲಿರುವುದು ಯಾವತ್ತೂ ಪ್ಯಾರಿಸ್ ಸಮಯ. ಕ್ಯಾಲೆಂಡರಿನಲ್ಲಿ ಬರೆಯುವಾಗಲೇ ಟೈಮ್ ಝೋನ್ ಪ್ಯಾರಿಸ್ ಎಂದು ಬದಲಿಸಿ.

ಹಲವು ಮ್ಯೂಸಿಯಂಗಳಿಗೆ ಒಟ್ಟಿಗೆ ಸಲ್ಲುವ ಪ್ಯಾರಿಸ್ ಮ್ಯೂಸಿಯಂ ಪಾಸ್ ಕೊಂಡವರಿಗೆ ಒಂದೇ ಮಾತು: ಪಾಸ್ ಇದ್ದರೂ ಲೂವ್ರ್‌ಗೆ ಸ್ಲಾಟ್ ಪ್ರತ್ಯೇಕವಾಗಿ ಕಾಯ್ದಿರಿಸಬೇಕು. 48, 96, 144 ಗಂಟೆಗಳ ಪಾಸುಗಳಿವೆ, ಮೊದಲ ಮ್ಯೂಸಿಯಂನಲ್ಲಿ ಸ್ಕ್ಯಾನ್ ಆದ ಕ್ಷಣದಿಂದ ಗಂಟೆಗಳು ಸತತವಾಗಿ ಓಡುತ್ತವೆ. ಪಾಸಿನ ಗಂಟೆಗಳ ಒಳಗೆ ಲೂವ್ರ್ ಸ್ಲಾಟ್ ಬೀಳುವಂತೆ ನೋಡಿಕೊಂಡು ಆಮೇಲೆ ಪಾಸ್ ಕೊಳ್ಳಿ. ಉಲ್ಟಾ ಮಾಡಿದರೆ ಹೊಂದಾಣಿಕೆ ಆಗದು.

ಹೋಗುವ ದಿನ. ಮೆಟ್ರೊ ಲೈನ್ 1 ಅಥವಾ 7ರಲ್ಲಿ ಪಾಲೇ ರೊಯಾಲ್ ಮ್ಯೂಸೆ ದ್ಯು ಲೂವ್ರ್ ನಿಲ್ದಾಣದಲ್ಲಿ ಇಳಿಯಬೇಕು. ಲೂವ್ರ್ ರಿವೋಲಿ ಎಂಬ ನಿಲ್ದಾಣವೂ ಇದೆ, ಹೆಸರು ನೋಡಿ ಅಲ್ಲಿ ಇಳಿದುಬಿಟ್ಟರೆ ನಡಿಗೆ ಹೆಚ್ಚು. ಒಳಹೋಗಲು ಗಾಜಿನ ಪಿರಮಿಡ್ ಒಂದು ಬಾಗಿಲು, 99 ರ್ಯೂ ದ ರಿವೋಲಿಯಿಂದ ನೆಲಮಾಳಿಗೆಯ ಕಾರೂಸೆಲ್ ಮಾಲ್ ಮೂಲಕ ಹೋಗುವುದು ಇನ್ನೊಂದು. 1989ರಲ್ಲಿ ತೆರೆದ ಪಿರಮಿಡ್ ಎಲ್ಲರ ಫೋಟೊದಲ್ಲೂ ಇರುವುದರಿಂದ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಎರಡೂ ದಾರಿ ಕೊನೆಗೆ ಸೇರುವುದು ಪಿರಮಿಡ್ಡಿನ ಕೆಳಗಿನ ಅದೇ ಹಜಾರಕ್ಕೆ. ಮಳೆ ಬಂದರೆ, ಬಿಸಿಲಿದ್ದರೆ, ಹಿರಿಯರಿದ್ದರೆ ಕಾರೂಸೆಲ್ ಕಡೆಯಿಂದ ಹೋಗಿ, ಅಲ್ಲಿ ಕಾಯುವುದು ಸೂರಿನ ಕೆಳಗೆ. ಫೋಟೊವನ್ನು ಹೊರಬಂದ ಮೇಲೂ ತೆಗೆಯಬಹುದು.

ಪಿರಮಿಡ್ ಅಂಗಳದಲ್ಲಿ ಸಾಲುಗಳನ್ನು ಸ್ಲಾಟಿನ ಹೊತ್ತಿಗೆ ತಕ್ಕಂತೆ ಬೇರೆ ಮಾಡಿರುತ್ತಾರೆ. ಬೋರ್ಡ್ ಓದದೆ ಕಂಡ ಸಾಲಿನ ಬಾಲಕ್ಕೆ ಸೇರಿಕೊಂಡು, ತುದಿ ತಲುಪಿದಾಗ ಇದು ಟಿಕೆಟ್ ಇಲ್ಲದವರದೆಂದು ತಿಳಿಯುವುದು ದಿನಾ ನಡೆಯುವ ಸಂಗತಿ. ನಿಂತುಕೊಳ್ಳುವ ಮುನ್ನ ಒಬ್ಬರು ಮುಂದೆ ಹೋಗಿ ಬೋರ್ಡ್ ಓದಿ ಬರಲಿ. ಗಂಟೆ ಮುಂಚೆ ಹೋಗುವ ನಮ್ಮ ರೈಲ್ವೆ ಸ್ಟೇಷನ್ ಅಭ್ಯಾಸ ಇಲ್ಲಿ ಉಪಯೋಗಕ್ಕಿಲ್ಲ, 11ರ ಸ್ಲಾಟಿನವರನ್ನು 10ಕ್ಕೆ ಬಿಡುವುದಿಲ್ಲ. ಇಪ್ಪತ್ತು ನಿಮಿಷ ಮುಂಚೆ ಸಾಕು. ಸ್ಲಾಟಿನ ಹೊತ್ತಿನಿಂದ ಅರ್ಧ ಗಂಟೆಯೊಳಗೆ ಒಳಗೆ ಬಿಡುವುದು ಮ್ಯೂಸಿಯಂ ಕೊಡುವ ಭರವಸೆ. ಅದಕ್ಕಿಂತ ತಡವಾಗಿ ಬಂದರೆ ಭರವಸೆ ಇಲ್ಲ. 9ರ ಸ್ಲಾಟಿನವರು ಮಾತ್ರ 8:30ಕ್ಕೆ ಇದ್ದರೆ ಲಾಭವುಂಟು. ಬಾಗಿಲು ತೆರೆದಾಗ ಮುಂದಿರುವುದೇ ಮೂರನೆಯ ಸಾಲನ್ನು ಗೆಲ್ಲುವ ದಾರಿ.

ಬ್ಯಾಗು. ಮೆಜೆಸ್ಟಿಕ್ ಮೆಟ್ರೊದಲ್ಲಿ ಸಂಜೆ ಆರು ಗಂಟೆಯ ಎಕ್ಸ್‌ರೇ ಯಂತ್ರವನ್ನು ನೆನಪಿಸಿಕೊಳ್ಳಿ: ಸಾಲು ನಿಧಾನವಾಗುವುದು ಜನರಿಂದಲ್ಲ, ಬ್ಯಾಗುಗಳಿಂದ. 55×35×20 ಸೆಂಟಿಮೀಟರಿಗಿಂತ ದೊಡ್ಡದನ್ನು ಲೂವ್ರ್ ಒಳಗೆ ಬಿಡುವುದೇ ಇಲ್ಲ. ಹೋಟೆಲ್ ಖಾಲಿ ಮಾಡಿ ಟ್ರಾಲಿ ಎಳೆದುಕೊಂಡು ನೇರ ಮ್ಯೂಸಿಯಂಗೆ ಬರುವ ಯೋಚನೆ ಬಿಡಿ. ನಮ್ಮವರ ಬ್ಯಾಗುಗಳಲ್ಲಿ ತಪಾಸಣೆಯವರು ಕೈ ಹಾಕಿ ತೆಗೆಯುವುದು ಹಣ್ಣು ಕುಯ್ಯುವ ಚಾಕು. ಅದು ಹೋಟೆಲಲ್ಲೇ ಇರಲಿ. ಪುಳಿಯೋಗರೆ, ಚಪಾತಿ, ಚಟ್ನಿಪುಡಿಯ ಡಬ್ಬಿ ತರುವುದರಲ್ಲಿ ತಪ್ಪಿಲ್ಲ, ಆದರೆ ಕೋಣೆಗಳಲ್ಲಿ ತಿನ್ನುವಂತಿಲ್ಲ. ಹೊರಗೆ ಹೋಗಿ ತಿಂದು ಬರುತ್ತೇವೆ ಎಂದರೂ ಆಗದು, ಒಮ್ಮೆ ಹೊರಬಿದ್ದರೆ ಅದೇ ಟಿಕೆಟ್ಟಿನಲ್ಲಿ ಮತ್ತೆ ಪ್ರವೇಶವಿಲ್ಲ. ಪಕ್ಕದ ಟ್ವಿಲರೀ ಉದ್ಯಾನದಲ್ಲಿ ಕೂತು ತಿಂದು ಆಮೇಲೆ ಒಳಹೋಗುವುದು ಒಳ್ಳೆಯದು. ಕೋಟು, ಕೊಡೆ, ಸಣ್ಣ ಬ್ಯಾಗುಗಳನ್ನು ಹಜಾರದ ಲಾಕರಿನಲ್ಲಿ ಉಚಿತವಾಗಿ ಇಡಬಹುದು.

ಈಗ ಮೂರನೆಯ ಸಾಲು. ಪಿರಮಿಡ್ ಕೆಳಗಿನ ಹಜಾರದಿಂದ ಮೂರು ದಿಕ್ಕಿಗೆ ಮೂರು ಭಾಗಗಳು: ದನೋಂ, ಸುಲ್ಲಿ, ರಿಶಲ್ಯೂ. ಮೊನಾಲಿಸಾ ಇರುವುದು ದನೋಂ ಭಾಗದ ಮೊದಲ ಮಹಡಿಯ 711ನೇ ಕೋಣೆಯಲ್ಲಿ. 9ಕ್ಕೆ ಒಳಹೊಕ್ಕವರು ದಾರಿಯಲ್ಲಿ ಎಲ್ಲೂ ನಿಲ್ಲದೆ ಅಲ್ಲಿಗೇ ನಡೆಯಬೇಕು. ದಾರು ಮೆಟ್ಟಿಲ ತುದಿಯಲ್ಲಿ ರೆಕ್ಕೆಯ ವಿಜಯದೇವತೆ ನಿಂತಿದ್ದಾಳೆ. ಸಮೊತ್ರಾಕೆಯ ಆ ಶಿಲ್ಪದ ಮುಂದೆ ನಿಲ್ಲದೆ ಹೋಗುವುದು ನಿಜವಾಗಿಯೂ ಕಷ್ಟ, ಆದರೂ ಹತ್ತು ನಿಮಿಷದ ನಂತರ ಅವಳ ಬಳಿಗೆ ಬನ್ನಿ. ಈಗಲೇ ನಿಂತರೆ ಆ ಹತ್ತು ನಿಮಿಷದಲ್ಲಿ ನಿಮ್ಮ ಹಿಂದಿನವರೆಲ್ಲ ಮುಂದಾಗಿರುತ್ತಾರೆ. ಸಂಜೆ ಬಂದವರು ಇದರ ಉಲ್ಟಾ ಮಾಡಬೇಕು: ಉಳಿದದ್ದನ್ನೆಲ್ಲ ನೋಡಿಕೊಂಡು ಮೊನಾಲಿಸಾವನ್ನು ಏಳೂವರೆ ಎಂಟರ ಹೊತ್ತಿಗೆ ಇಟ್ಟುಕೊಳ್ಳಿ. ಮುಚ್ಚುವ ಅರ್ಧ ಗಂಟೆ ಮೊದಲೇ ಕೋಣೆಗಳಿಂದ ಜನರನ್ನು ಹೊರಡಿಸತೊಡಗುತ್ತಾರೆ, ಆದ್ದರಿಂದ ಎಂಟು ಕಾಲಿಗಿಂತ ತಡ ಬೇಡ.

ಚಿತ್ರ ಇರುವುದು 77×53 ಸೆಂಟಿಮೀಟರ್, ದಪ್ಪ ಗಾಜಿನ ಹಿಂದೆ. ತಡೆಗಟ್ಟೆ ಹಲವು ಅಡಿ ಈಚೆ. ಮುಂದಿನ ಸಾಲು ತಲುಪಿದ ಮೇಲೆ ಸಿಬ್ಬಂದಿ ಮುಂದೆ ಹೋಗಿ ಎನ್ನುತ್ತಾರೆ. ಅಷ್ಟು ಹೊತ್ತಲ್ಲಿ ಹೆಚ್ಚಿನವರು ನೋಡುವುದು ತಮ್ಮ ಫೋನಿನ ಪರದೆಯನ್ನು. ಮೊದಲು ಕಣ್ಣಿಂದ ನೋಡಿ, ಫೋಟೊ ಆಮೇಲೆ. ಹೊರಡುವಾಗ ಹಿಂದಿರುಗಿ ನೋಡಿ. ಎದುರು ಗೋಡೆಯಲ್ಲಿರುವುದು ಇಟಲಿಯ ಚಿತ್ರಕಾರ ವೆರೊನೇಸೆಯ ಕಾನಾದ ಮದುವೆ, 6.77 ಮೀಟರ್ ಎತ್ತರ, 9.94 ಮೀಟರ್ ಅಗಲ, ಲೂವ್ರ್‌ನಲ್ಲೇ ಅತಿ ದೊಡ್ಡ ಚಿತ್ರ. 1797ರಲ್ಲಿ ನೆಪೋಲಿಯನ್ನನ ಸೇನೆ ವೆನಿಸ್ಸಿನ ಮಠದಿಂದ ಹೊತ್ತು ತಂದದ್ದು. ಅದಕ್ಕೆ ಬೆನ್ನು ಹಾಕಿಕೊಂಡೇ ಇಡೀ ಕೋಣೆ ನಿಂತಿರುತ್ತದೆ. ಅದನ್ನು ನೋಡಲು ಸಾಲಿನಲ್ಲಿ ನಿಲ್ಲಬೇಕಿಲ್ಲ.

ಮೊನಾಲಿಸಾ ಬರೆದ ಲಿಯೊನಾರ್ಡೊನ ಕುಂಚವನ್ನು ಹತ್ತಿರದಿಂದ ನೋಡಬೇಕೆಂಬ ನಿಜವಾದ ಆಸೆ ಇದ್ದವರು 711ರಿಂದ ಹೊರಬಂದು ಪಕ್ಕದ ದೊಡ್ಡ ಗ್ಯಾಲರಿಗೆ ಹೋಗಬೇಕು. ಬಂಡೆಗಳ ನಡುವಿನ ಕನ್ಯೆ, ಸಂತ ಆ್ಯನ್ ಜೊತೆಗಿನ ಮೇರಿ ಮತ್ತು ಮಗು ಎರಡೂ ಅದೇ ಕೈಯಿಂದ ಬಂದವು. ಅವುಗಳ ಮುಂದೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಚಿತ್ರಗಳ ಮುಂದೆ ನಿಂತಷ್ಟು ನಿರಾತಂಕವಾಗಿ ನಿಲ್ಲಬಹುದು. ಜನ ತುಂಬಿರುವ ಮಧ್ಯಾಹ್ನದ ಸ್ಲಾಟ್ ಸಿಕ್ಕವರಿಗೆ ನಮ್ಮ ಸಲಹೆ ರಿಶಲ್ಯೂ ಭಾಗದಿಂದ ಶುರು ಮಾಡುವುದು. ಅಲ್ಲಿ 2.25 ಮೀಟರ್ ಎತ್ತರದ ಕಪ್ಪು ಕಲ್ಲಿನ ಮೇಲೆ ಕೆತ್ತಿದ, ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಶಾಸನವಿದೆ. ಶಾಸನಗಳ ನಾಡಿನಿಂದ ಹೋದವರಿಗೆ ಅದನ್ನು ನೋಡುವ ಸುಖವೇ ಬೇರೆ. ಪ್ರಾಚೀನ ಅಸ್ಸೀರಿಯಾದ ಖೊರ್ಸಾಬಾದಿನ ರೆಕ್ಕೆಯುಳ್ಳ ಗೂಳಿಗಳು ನಾಲ್ಕು ಮೀಟರಿಗೂ ಎತ್ತರ. ಎರಡನೆಯ ಮಹಡಿಯಲ್ಲಿ ಡಚ್ ಚಿತ್ರಕಾರ ವರ್ಮೀರನ ಲೇಸ್ ಹೆಣೆಯುವವಳು, 24×21 ಸೆಂಟಿಮೀಟರ್, ಅಂಗೈ ಎರಡು ಜೋಡಿಸಿದಷ್ಟು. ಎರಡು ಗಂಟೆ ಮಾತ್ರ ಇದ್ದು, ಮೊನಾಲಿಸಾ ಸಾಲು ಕೋಣೆಯ ಹೊರಗೂ ಬಂದಿದ್ದರೆ ಅದನ್ನು ಬಿಟ್ಟು ಈ ಕಡೆ ಬರುವುದರಲ್ಲಿ ನಷ್ಟವಿಲ್ಲ.

ಉಳಿದ ಊರುಗಳ ಬಗ್ಗೆ ಚುಟುಕಾಗಿ. ಫ್ಲಾರೆನ್ಸಿನ ಉಫಿಝಿಗೆ ಸೋಮವಾರ ರಜೆ, ಮುಂಗಡಕ್ಕೆ ಟಿಕೆಟ್ಟಿನ ಮೇಲೆ 4 ಯೂರೊ. ತಿಂಗಳ ಮೊದಲ ಭಾನುವಾರ ಉಚಿತ ಎಂದು ಹಿಗ್ಗಿ ಹೋಗಬೇಡಿ, ಆವತ್ತು ಮುಂಗಡವೇ ಇಲ್ಲದ್ದರಿಂದ ಸಾಲು ಆ ತಿಂಗಳಲ್ಲೇ ಉದ್ದನೆಯದು. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ, ತಿಂಗಳ ಕೊನೆಯ ಭಾನುವಾರ ಬಿಟ್ಟು. ಅದು ಉಚಿತ, ಅದಕ್ಕೂ ಇದೇ ಮಾತು. ಅಲ್ಲಿ ಭುಜ, ಮಂಡಿ ಮುಚ್ಚುವ ಬಟ್ಟೆ ಇಲ್ಲದಿದ್ದರೆ ಟಿಕೆಟ್ ಇದ್ದರೂ ತಡೆಯುತ್ತಾರೆ. ಸೀರೆ, ಚೂಡಿದಾರದವರಿಗೆ ಚಿಂತೆಯಿಲ್ಲ, ಚಡ್ಡಿ ಹಾಕಿದ ಗಂಡಸರು ಸಿಕ್ಕಿಬೀಳುತ್ತಾರೆ. ರೋಮಿನ ಬೋರ್ಗೇಸೆ ಗ್ಯಾಲರಿ ಎರಡೆರಡು ಗಂಟೆಯ ಪಾಳಿಯಲ್ಲಿ ನಡೆಯುತ್ತದೆ, ಪಾಳಿ ಮುಗಿದರೆ ಎಲ್ಲರೂ ಹೊರಗೆ. ಆ್ಯಮ್ಸ್ಟರ್‌ಡ್ಯಾಮಿನ ವಾನ್ ಗೋ ಮ್ಯೂಸಿಯಂನಲ್ಲಿ ಬಾಗಿಲ ಬಳಿ ಟಿಕೆಟ್ ಮಾರುವುದೇ ಇಲ್ಲ. ಮಿಲಾನಿನ ಕೊನೆಯ ಭೋಜನ ಎಲ್ಲಕ್ಕಿಂತ ಕಠಿಣ: ತೇವ, ಧೂಳು ಗೋಡೆಯ ಚಿತ್ರವನ್ನು ತಿನ್ನದಿರಲೆಂದು ಸಣ್ಣ ಗುಂಪುಗಳನ್ನು ಮುಚ್ಚಿದ ಕೋಣೆಗಳ ಮೂಲಕ 15 ನಿಮಿಷಕ್ಕಷ್ಟೇ ಬಿಡುತ್ತಾರೆ. ಇಟಲಿ ಪ್ರವಾಸವೆಂದರೆ ಮೊದಲು ಆ ಟಿಕೆಟ್ ಸಿಗುವ ದಿನ ನೋಡಿ, ಉಳಿದ ಊರುಗಳನ್ನು ಅದರ ಸುತ್ತ ಜೋಡಿಸಿಕೊಳ್ಳಿ.

ಲೂವ್ರ್‌ನಿಂದ ಹೊರಡುವಾಗ ಒಂದು ನಾಲ್ಕನೆಯ ಸಾಲು ಸಿಗಬಹುದು, ಲಾಕರಿನದು. ಮುಚ್ಚುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಕೋಟು ಬ್ಯಾಗು ತೆಗೆಯಲು ಬರುತ್ತಾರೆ. ಮುಕ್ಕಾಲು ಗಂಟೆ ಮುಂಚೆ ಒಬ್ಬರು ಕೆಳಗಿಳಿದು ಸಾಮಾನು ತೆಗೆದುಕೊಂಡಿರಲಿ, ಉಳಿದವರು ಕೊನೆಯ ಕೋಣೆ ನೋಡಿಕೊಂಡು ಬರಲಿ. ಭೇಟಿಯಾಗುವ ಜಾಗ ಪಿರಮಿಡ್ ಕೆಳಗಿನ ಹಜಾರದಲ್ಲಿ ಎಲ್ಲಿ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ, ಅಲ್ಲಿ ಎಲ್ಲ ಮೂಲೆಯೂ ಒಂದೇ ಥರ ಕಾಣುತ್ತದೆ. ಅಲ್ಲಿಂದ ಕಾರೂಸೆಲ್ ಮೂಲಕ ನೆಲದಡಿಯಲ್ಲೇ ನಡೆದರೆ ನೇರ ಮೆಟ್ರೊ.